ಅನುಮತಿ ಕೋರುವ ವೈರಸ್

ವೈರಸ್ ನಿಯಂತ್ರಣ ಕಚೇರಿಯ ಯಾವುದೇ ಕಂಪ್ಯೂಟರಿನಲ್ಲಿ ಯಾವುದೇ ವೈರಸ್ ಇರುವುದಿಲ್ಲವೆಂದು ತಪಾಸಣಾ ತಂಡವು ಲಿಖಿತವಾಗಿ ದೃಢಪಡಿಸಿತು. ಆದ್ದರಿಂದ ಸದರಿ ಕಚೇರಿಯನ್ನು ಮುಚ್ಚತಕ್ಕದ್ದೆಂದೂ ಅದೇ ಪುಟದ ಕೆಳಗೆ ಶಿಫಾರಸು ಮಾಡಿತು. ಆ ಕಚೇರಿ ತನ್ನ ಕೆಲಸವನ್ನು ಪೂರ್ತಿಯಾಗಿ ಮಾಡಿ ಮುಗಿಸಿದೆ ಎಂದು ಯಾರಾದರೂ ಒಪ್ಪಿಕೊಂಡದ್ದು ಅದೇ ಮೊದಲು. ಸುದ್ದಿ ಕೇಳಿ ಎಲ್ಲರೂ ಕಂಗಾಲಾದರು.

ವೈರಸ್ ಇಲ್ಲದಿರಲು ಕಾರಣ ಸರಳವಾಗಿತ್ತು. ಹೊರಲೋಕಕ್ಕೆ ಹೋಗುವ ತಂತಿಯನ್ನು ನಿರ್ದೇಶಕರು ಉದ್ಘಾಟನೆಯ ದಿನವೇ ಮುನ್ನೆಚ್ಚರಿಕೆಯ ಕ್ರಮವಾಗಿ ಕೀಳಿಸಿದ್ದರು. ಉಳಿದದ್ದು ಒಂದು ಟೇಬಲ್ಲಿನಿಂದ ಇನ್ನೊಂದು ಟೇಬಲ್ಲಿಗೆ ಪತ್ರ ಕಳಿಸುವ ತಂತಿ, ಮತ್ತು ಮೇಲಿನ ಕಚೇರಿಗೆ ಪತ್ರ ಕಳಿಸುವ ತಂತಿ. ಆ ಕಟ್ಟಡದಲ್ಲಿ ಚಲಿಸುತ್ತಿದ್ದದ್ದು ಪತ್ರಗಳು ಮಾತ್ರ. ಫ್ಯಾನುಗಳು ಕೂಡ ದುರಸ್ತಿಯ ಮಂಜೂರಾತಿಗೆ ಕಾಯುತ್ತಾ ಸುಮ್ಮನೆ ನಿಂತಿದ್ದವು.

ಎಲ್ಲರಿಗಿಂತ ಹೆಚ್ಚು ಕಂಗಾಲಾದವಳು ಗಣಕಮ್ಮ. ಅದು ಅವಳ ಹೆಸರಲ್ಲ. ಗಣಕಯಂತ್ರವನ್ನು ಬಿಚ್ಚಿ ಮುಚ್ಚಲು ಬರುವವಳು ಅವಳೊಬ್ಬಳೇ ಆದ್ದರಿಂದ ಕಚೇರಿ ಇಟ್ಟ ಅಡ್ಡಹೆಸರು. ಮದುವೆಯಾದ ವರ್ಷ ತಾತ್ಕಾಲಿಕ ತಾಂತ್ರಿಕ ಸಹಾಯಕಿಯಾಗಿ ಸೇರಿದ್ದಳು. ಈಗ ಮಗಳು ಅವಳ ಭುಜದೆತ್ತರಕ್ಕೆ ಬೆಳೆದಿದ್ದಳು, ಅವಳು ಮಾತ್ರ ಇನ್ನೂ ತಾತ್ಕಾಲಿಕವಾಗಿಯೇ ಇದ್ದಳು. ತಾತ್ಕಾಲಿಕ ನೌಕರರಿಗೆ ಕುರ್ಚಿ ಕೊಡಲು ನಿಯಮದಲ್ಲಿ ಅವಕಾಶವಿಲ್ಲ, ಸ್ಟೂಲಿಗೆ ಮಾತ್ರ ಅವಕಾಶವಿದೆ. ಇಷ್ಟು ವರ್ಷ ಸ್ಟೂಲಿನ ಮೇಲೆ ಕೂತು ಕೂತು ಅವಳ ಬೆನ್ನು ಒರಗುವುದನ್ನೇ ಮರೆತಿತ್ತು. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಸೆಟೆದುಕೊಂಡೇ ಕೂರುತ್ತಿದ್ದಳು.

ಖಾಯಂ ಆದರೆ ಕುರ್ಚಿ ಸಿಗುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಕಚೇರಿಯ ಹಿಂದಿನ ವಸತಿಗೃಹದಲ್ಲಿ ಎರಡು ಕೋಣೆಯ ಮನೆ ಸಿಗುತ್ತಿತ್ತು. ಸದ್ಯ ಅವಳು, ಅವಳ ಗಂಡ, ಮಗಳು, ಅತ್ತೆ, ನಾಲ್ವರೂ ಒಂದು ಅಚ್ಚುಕೂಟದ ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿದ್ದರು. ಕೆಳಗೆ ಯಂತ್ರ ಓಡಿದರೆ ಮೇಲೆ ಶೆಲ್ಫಿನಲ್ಲಿದ್ದ ಲೋಟಗಳು ತಾವೇ ನಡೆದು ಅಂಚಿಗೆ ಬರುತ್ತಿದ್ದವು. ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಮನೆಗೆ ಬಂದರೆ ಮೊದಲು ಲೋಟಗಳನ್ನು ಒಳಕ್ಕೆ ತಳ್ಳಿ ಆಮೇಲೆ ಚಪ್ಪಲಿ ಬಿಡುತ್ತಿದ್ದ. ಕಚೇರಿಯಲ್ಲಿ ಖಾಲಿ ಇದ್ದ ಖಾಯಂ ಹುದ್ದೆ ಒಂದೇ. ಅದು ತನಗೇ ಬರುತ್ತದೆಂದು ಗಣಕಮ್ಮ ನಂಬಿದ್ದಳು. ನಂಬಲು ಕಾರಣವೂ ಇತ್ತು. ಅಧೀಕ್ಷಕರು ಪ್ರತಿದಿನ ಅವಳ ಸ್ಟೂಲಿನ ಪಕ್ಕ ಹಾದುಹೋಗುವಾಗ, "ನಿಮ್ಮ ಫೈಲೇ ನೋಡ್ತಾ ಇದೀನಮ್ಮ," ಎಂದು ಹೇಳಿಯೇ ಮುಂದೆ ಹೋಗುತ್ತಿದ್ದರು.

ಕಚೇರಿ ಮುಚ್ಚುವ ಮಾತು ಬಂದ ಮೇಲೆ ನಿರ್ದೇಶಕರು ತುರ್ತು ಸಭೆ ಕರೆದರು. ಅವರು ಕಷ್ಟಕಾಲದಲ್ಲಿ ತಲೆ ತಣ್ಣಗಿಟ್ಟುಕೊಳ್ಳುವವರು. ಸುಖಕಾಲದಲ್ಲಂತೂ ಅದನ್ನು ಬಳಸುತ್ತಲೇ ಇರಲಿಲ್ಲ. ಸಮಸ್ಯೆಯನ್ನು ಅವರು ಚುಟುಕಾಗಿ ವಿವರಿಸಿದರು. ನಿಯಂತ್ರಿಸಲು ವೈರಸ್ ಇಲ್ಲ ಎಂಬುದೇ ಆಕ್ಷೇಪಣೆ. ಆಕ್ಷೇಪಣೆಗೆ ಉತ್ತರ ಕೊಡುವುದು ಕಚೇರಿಯ ಕರ್ತವ್ಯ. ಆದ್ದರಿಂದ ತಪಾಸಣಾ ತಂಡ ಮತ್ತೆ ಬರುವಷ್ಟರಲ್ಲಿ ಒಂದು ವೈರಸ್ಸನ್ನು ಕಚೇರಿಯ ವತಿಯಿಂದಲೇ ತಯಾರಿಸತಕ್ಕದ್ದು. ಸಭೆಯಲ್ಲಿ ಯಾರೂ ತಲೆ ಅಡ್ಡ ಆಡಿಸಲಿಲ್ಲ. ಒಬ್ಬರು ಮಾತ್ರ ವೈರಸ್ಸನ್ನು ಯಾವ ಭಾಷೆಯಲ್ಲಿ ಬರೆಯಬೇಕು ಎಂದು ಕೇಳಿದರು. ಪ್ರಶ್ನೆ ಕೇಳಿದವರನ್ನು ಕೂಡಲೇ ವೈರಸ್ ಭಾಷಾ ಆಯ್ಕೆ ಸಮಿತಿಯ ಸಂಚಾಲಕರನ್ನಾಗಿ ನೇಮಿಸಲಾಯಿತು, ಅವರು ಇನ್ನು ಮುಂದೆ ಎಲ್ಲಿಯೂ ಬಾಯಿ ಬಿಡುವುದಿಲ್ಲವೆಂದು ಮನಸ್ಸಿನಲ್ಲೇ ಆಣೆ ಮಾಡಿಕೊಂಡರು.

ಸಮಿತಿಯ ಮುಂದೆ ಮೊದಲು ಬಂದವರು ನಿವೃತ್ತ ತಜ್ಞರು. ಅವರದು ಅಸೆಂಬ್ಲಿ ಭಾಷೆಯ ಪಕ್ಷ. ತಮ್ಮ ಕಾಲದ ವೈರಸ್ಸುಗಳೆಲ್ಲ ಅದರಲ್ಲೇ ಹುಟ್ಟಿದವು, ಒಂದು ಪತ್ರದಷ್ಟೂ ಜಾಗ ಹಿಡಿಯುತ್ತಿರಲಿಲ್ಲ, ಯಂತ್ರದ ಕಿವಿಯಲ್ಲೇ ನೇರವಾಗಿ ಹೇಳುತ್ತಿದ್ದವು, ನಡುವೆ ಯಾರೂ ಇರುತ್ತಿರಲಿಲ್ಲ ಎಂದು ಅವರು ಕಣ್ಣೊರೆಸಿಕೊಂಡು ಹೇಳಿದರು.

"ನಡುವೆ ಯಾರೂ ಇಲ್ಲ ಅಂದ್ರೆ ನಾವೆಲ್ಲ ಯಾಕಿರೋದು ಸಾರ್?" ಎಂದರು ಅಧೀಕ್ಷಕರು.

ಮೇಲಧಿಕಾರಿಯ ಮುಖಾಂತರ ಹೋಗದೆ ನೇರವಾಗಿ ವ್ಯವಹರಿಸುವ ಭಾಷೆಯು ನಡತೆ ನಿಯಮಗಳಿಗೆ ವಿರುದ್ಧವಾದದ್ದೆಂದು ದಾಖಲಿಸಿಕೊಂಡು ಅಸೆಂಬ್ಲಿಯನ್ನು ಕೈಬಿಡಲಾಯಿತು.

ಆಮೇಲೆ ಎಂಜಿನಿಯರು ಬಂದು ಸಿ ಭಾಷೆಯನ್ನು ಹೊಗಳಿದರು. ಗಟ್ಟಿ ಭಾಷೆ, ವೇಗದ ಭಾಷೆ, ಲೋಕದ ದೊಡ್ಡ ದೊಡ್ಡ ವೈರಸ್ಸುಗಳ ಮನೆಮಾತು. ಒಂದೇ ಒಂದು ಶಿಸ್ತು ಬೇಕು: ಪ್ರೋಗ್ರಾಮು ಯಂತ್ರದಿಂದ ಎಷ್ಟು ಜಾಗ ಪಡೆದಿದೆಯೋ ಕೆಲಸ ಮುಗಿದ ಮೇಲೆ ಅಷ್ಟನ್ನೂ ತಾನಾಗಿಯೇ ವಾಪಸು ಕೊಡಬೇಕು. ಈ ಮಾತು ಕೇಳಿ ಸಭೆಯಲ್ಲಿ ಇರುಸುಮುರುಸಾಯಿತು. ಪಡೆದದ್ದನ್ನು ಯಾರೂ ಕೇಳದೆ ತಾನಾಗಿಯೇ ವಾಪಸು ಕೊಡುವ ಪದ್ಧತಿ ಕಚೇರಿಯಲ್ಲಿ ಹಿಂದೆಂದೂ ಇರಲಿಲ್ಲ, ಹೊಸದಾಗಿ ಆರಂಭಿಸಿದರೆ ತಪ್ಪು ಸಂದೇಶ ಹೋಗುತ್ತದೆ ಎಂದು ಸಂಚಾಲಕರು ಟಿಪ್ಪಣಿ ಬರೆದರು.

ಪೈಥಾನ್ ಭಾಷೆಗೆ ಸ್ವಲ್ಪ ಬೆಂಬಲ ಇತ್ತು. ಓದಲು ಸುಲಭ, ಬರೆಯಲು ಸುಲಭ. ಆದರೆ ಅದನ್ನು ಯಂತ್ರಕ್ಕೆ ಅರ್ಥಮಾಡಿಸಲು ಜೊತೆಗೆ ಇನ್ನೊಂದು ಪ್ರೋಗ್ರಾಮು ದುಭಾಷಿಯ ಹಾಗೆ ಇರಬೇಕು ಎಂದು ತಿಳಿದಾಗ ನಿರ್ದೇಶಕರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ದುಭಾಷಿ ಹುದ್ದೆಗೆ ತಮ್ಮ ಭಾವಮೈದುನ ಮನೆಯಲ್ಲಿ ಖಾಲಿ ಕೂತಿದ್ದಾನೆ, ಎರಡು ಭಾಷೆ ಬರುತ್ತದೆ, ಮೂರನೆಯದನ್ನು ಹೇಗೋ ಕಲಿತುಕೊಳ್ಳುತ್ತಾನೆ ಎಂದರು. ದುಭಾಷಿ ಎಂದರೆ ಮನುಷ್ಯನಲ್ಲ ಎಂದು ಅವರಿಗೆ ವಿವರಿಸುವ ಹೊತ್ತಿಗೆ ಊಟದ ಸಮಯವಾಗಿತ್ತು. ಪೈಥಾನಿನ ಮೇಲಿನ ಅವರ ಆಸಕ್ತಿ ಅಲ್ಲಿಗೇ ಇಳಿಯಿತು.

ಇಷ್ಟು ಹೊತ್ತು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಗಣಕಮ್ಮನನ್ನು ಯಾರೂ ಕೇಳಿರಲಿಲ್ಲ. ಅವಳೇ ಎದ್ದು ನಿಂತಳು.

"ಪತ್ರದೊಳಗೆ ಕೂರೋ ಭಾಷೆ ಒಂದಿದೆ ಸಾರ್. ಮ್ಯಾಕ್ರೋ ಅಂತಾರೆ. ಪತ್ರ ತೆರೆದ್ರೆ ಅದೂ ಏಳುತ್ತೆ. ಪತ್ರ ಎಲ್ಲಿಗೆ ಹೋಗುತ್ತೋ ಅಲ್ಲಿಗೆ ಹೋಗುತ್ತೆ."

ಪತ್ರದೊಳಗೆ ಕೂತುಕೊಂಡು, ಪತ್ರದ ಜೊತೆಗೇ ಟೇಬಲ್ಲಿನಿಂದ ಟೇಬಲ್ಲಿಗೆ, ಕೆಳಗಿನಿಂದ ಮೇಲಕ್ಕೆ, ಕ್ರಮಬದ್ಧವಾಗಿ ಸಾಗುವ ಭಾಷೆ. ಇಂಥ ಮರ್ಯಾದಸ್ಥ ಭಾಷೆಯೊಂದು ಲೋಕದಲ್ಲಿರುವುದು ಅಲ್ಲಿದ್ದವರಿಗೆ ಗೊತ್ತೇ ಇರಲಿಲ್ಲ. ಅಂದೇ ಆದೇಶ ಹೊರಬಿತ್ತು.

"ಸದರಿ ವೈರಸ್ಸನ್ನು ಮ್ಯಾಕ್ರೋ ಭಾಷೆಯಲ್ಲಿ ರಚಿಸತಕ್ಕದ್ದು. ವೈರಸ್ಸು ಕಚೇರಿ ವೇಳೆಯಲ್ಲಿ ಮಾತ್ರ ಹಾವಳಿ ಮಾಡತಕ್ಕದ್ದು. ಯಾವುದೇ ಹಾನಿ ಎಸಗುವ ಮುನ್ನ ಸಂಬಂಧಪಟ್ಟ ಅಧಿಕಾರಿಯ ಅನುಮತಿಯನ್ನು ವಿನಯಪೂರ್ವಕವಾಗಿ ಕೋರತಕ್ಕದ್ದು. ಅನುಮತಿ ನಿರಾಕರಿಸಲ್ಪಟ್ಟಲ್ಲಿ ಕ್ಷಮೆ ಯಾಚಿಸಿ ಹಿಂದಿರುಗಿ, ಮುಂದಿನ ಕೆಲಸದ ದಿನ ಪುನಃ ಬಂದು ಕೋರತಕ್ಕದ್ದು. ಉಪಯುಕ್ತ ಕಡತಗಳನ್ನು ಯಾವುದೇ ಕಾರಣಕ್ಕೂ ಮುಟ್ಟತಕ್ಕದ್ದಲ್ಲ. ಕಳೆದ ಒಂದು ವರ್ಷದೊಳಗೆ ಒಮ್ಮೆಯಾದರೂ ತೆರೆಯಲ್ಪಟ್ಟ ಕಡತವೇ ಉಪಯುಕ್ತ ಕಡತ ಎಂದು ಅರ್ಥೈಸತಕ್ಕದ್ದು."

ನಿರ್ದೇಶಕರು ಗಣಕಮ್ಮನನ್ನು ಒಳಗೆ ಕರೆದು, ವೈರಸ್ ಯಶಸ್ವಿಯಾದರೆ ಕಚೇರಿ ಉಳಿಯುತ್ತದೆ, ಕಚೇರಿ ಉಳಿದರೆ ಆ ಖಾಲಿ ಹುದ್ದೆ ತುಂಬಲೇಬೇಕಾಗುತ್ತದೆ ಎಂದರು. ಯಾರಿಂದ ತುಂಬಬೇಕಾಗುತ್ತದೆ ಎಂದು ಹೇಳಲಿಲ್ಲ. ಅಷ್ಟು ಸ್ಪಷ್ಟವಾದದ್ದನ್ನು ಹೇಳಿಸಿಕೊಳ್ಳಬೇಕೆಂದು ಅವಳಿಗೂ ಅನಿಸಲಿಲ್ಲ.

ಭಾನುವಾರ ಅವಳು ಮನೆಯಲ್ಲಿ ಹಾಸಿಗೆಯ ಸುರುಳಿಯ ಮೇಲೆ ಸೆಟೆದು ಕೂತು ಬರೆಯುತ್ತಿದ್ದಾಗ ಅತ್ತೆ ಇಣುಕಿ ನೋಡಿದರು.

"ಏನೇ ಅದು?"

"ವೈರಸ್ಸು, ಅತ್ತೆ."

"ಖಾಯಂ ಆಗುತ್ತಾ?"

"ಆಗುತ್ತೆ."

"ಹಾಗಾದ್ರೆ ಬರಿ," ಎಂದು ಅತ್ತೆ ಅವಳ ಕೈಗೆ ಬರುತ್ತಿದ್ದ ಕೆಲಸವನ್ನೆಲ್ಲ ತಾವೇ ಎಳೆದುಕೊಂಡರು.

ಗಣಕಮ್ಮ ಕೆಟ್ಟ ಮನಸ್ಸಿನವಳಲ್ಲ. ವೈರಸ್ಸಿನ ಹೆಸರಿನಲ್ಲಿ ಯಾರಿಗೂ ತೊಂದರೆಯಾಗಬಾರದು ಎಂಬ ಆಸೆಯಿಂದಲೇ ಬರೆದಳು. ಪತ್ರ ತೆರೆದ ಕೂಡಲೇ ಪರದೆಯ ಮೇಲೆ ಒಂದು ಚೌಕ ಬರಬೇಕು: "ಮಾನ್ಯರೇ, ಈ ಕಂಪ್ಯೂಟರಿನಲ್ಲಿ ಒಂದು ವರ್ಷದಿಂದ ಯಾರೂ ತೆರೆಯದಿರುವ ಕಡತಗಳನ್ನು ಶಾಶ್ವತವಾಗಿ ಅಳಿಸಲು ತಮ್ಮ ಅನುಮತಿ ಕೋರಿದೆ." ಕೆಳಗೆ ಎರಡು ಗುಂಡಿ, ಒಂದು 'ಆಗಬಹುದು', ಇನ್ನೊಂದು 'ಬೇಡ'. ತಲೆ ನೆಟ್ಟಗಿರುವ ಯಾರು ತಾನೇ ತನ್ನ ಕಡತ ಅಳಿಸಲು 'ಆಗಬಹುದು' ಎನ್ನುತ್ತಾರೆ? ವೈರಸ್ಸು ನಾಲ್ಕು ಕಡೆ ಹೋಗಿ ನಾಲ್ಕು ಕಡೆಯೂ ಕ್ಷಮೆ ಕೇಳಿ ಬರುತ್ತದೆ, ತಪಾಸಣಾ ತಂಡಕ್ಕೆ ಅದನ್ನು ತೋರಿಸಿದರಾಯಿತು ಎಂದು ಅವಳ ಎಣಿಕೆ.

ಇಷ್ಟು ವರ್ಷ ಅಲ್ಲೇ ಕೆಲಸ ಮಾಡಿಯೂ ಅವಳು ಒಂದು ವಿಷಯ ಮರೆತಿದ್ದಳು. ಆ ಕಚೇರಿಯಲ್ಲಿ 'ಅನುಮತಿ ಕೋರಿದೆ' ಎಂಬ ಎರಡು ಪದ ಕಂಡರೆ ಅದರ ಮೇಲಿನ ಸಾಲುಗಳನ್ನು ಓದುವ ವಾಡಿಕೆ ಇರಲಿಲ್ಲ. ಬೇಡ ಎಂದವರು ಯಾಕೆ ಬೇಡ ಎಂದು ಕಾರಣ ಬರೆಯಬೇಕಾಗುತ್ತಿತ್ತು. ಆಗಬಹುದು ಎಂದವರು ಏನನ್ನೂ ಬರೆಯಬೇಕಾಗಿರಲಿಲ್ಲ. ಹಾಗಾಗಿ ಅಲ್ಲಿ ಯಾರೂ ಯಾವತ್ತೂ ಬೇಡ ಎಂದದ್ದೇ ಇಲ್ಲ.

ಅವಳು ವೈರಸ್ಸನ್ನು ಕೂರಿಸಿ ಕಳಿಸಿದ ಪತ್ರವನ್ನು ಮೊದಲು ತೆರೆದವರು ಅಧೀಕ್ಷಕರು. ಆಗಬಹುದು ಒತ್ತಿ, 'ಸೂಕ್ತ ಕ್ರಮಕ್ಕಾಗಿ ಸಲ್ಲಿಸಿದೆ' ಎಂದು ನಿರ್ದೇಶಕರಿಗೆ ಕಳಿಸಿದರು. ನಿರ್ದೇಶಕರು ಆಗಬಹುದು ಒತ್ತಿ ಮೇಲಿನ ಕಚೇರಿಗೆ ಕಳಿಸಿದರು. ಮೇಲಿನ ಕಚೇರಿಯವರು ಅದರ ವಿನಯವನ್ನು ಮೆಚ್ಚಿ ಆಗಬಹುದು ಒತ್ತಿ, ತಮ್ಮ ಕೈಕೆಳಗಿನ ಎಲ್ಲ ಇಲಾಖೆಗಳಿಗೂ 'ತಪ್ಪದೆ ಪಾಲಿಸುವುದು' ಎಂಬ ಷರಾದೊಡನೆ ಹಂಚಿದರು. ಪಾಲಿಸಲಾಗಿದೆ ಎಂಬ ಉತ್ತರಗಳು ಬರತೊಡಗಿದವು. ಪ್ರತಿ ಉತ್ತರದೊಳಗೂ ವೈರಸ್ಸು ಕೂತಿತ್ತು. ನಿವೃತ್ತ ತಜ್ಞರ ಅಸೆಂಬ್ಲಿಯಾಗಲಿ ಎಂಜಿನಿಯರ ಸಿ ಆಗಲಿ ಕನಸಿನಲ್ಲೂ ಮುಟ್ಟದ ವೇಗದಲ್ಲಿ ಅದು ಓಡಿತು. ಕಳ್ಳತನದಿಂದ ನುಗ್ಗುವ ವೈರಸ್ಸಿಗೆ ಎಲ್ಲರೂ ಬಾಗಿಲು ಹಾಕುತ್ತಾರೆ. ಇದು ಕೈಮುಗಿದು ಬಂದದ್ದರಿಂದ ಎಲ್ಲರೂ ಒಳಗೆ ಕರೆದು ಕೂರಿಸಿ, ಮುಂದಿನ ಮನೆಗೂ ತಾವೇ ದಾರಿ ತೋರಿಸಿದರು.

ಕಡತಗಳು ಮಂಗಮಾಯವಾದವು. ಬಾಕಿ ಬಿದ್ದಿದ್ದ ದೂರುಗಳು, ಬಾಕಿ ಬಿದ್ದಿದ್ದ ಮನವಿಗಳು, ಬಾಕಿ ಯಾಕೆ ಬಿದ್ದಿವೆ ಎಂದು ವಿಚಾರಿಸಿ ಬಂದ ಪತ್ರಗಳು, ಒಂದೂ ಉಳಿಯಲಿಲ್ಲ. ಜನ ತಮ್ಮ ಅರ್ಜಿ ಏನಾಯಿತೆಂದು ಕೇಳಿಕೊಂಡು ಬಂದರೆ ಕಿಟಕಿಯ ಗುಮಾಸ್ತ ಪರದೆ ನೋಡಿ, "ನಿಮ್ಮದು ಯಾವುದೂ ಬಾಕಿ ಇಲ್ವಲ್ಲ," ಎಂದು ಮೊದಲ ಬಾರಿಗೆ ಸತ್ಯವನ್ನೇ ಹೇಳಿದ.

ಗಣಕಮ್ಮನಿಗೆ ಸುದ್ದಿ ತಿಳಿದದ್ದು ಮಧ್ಯಾಹ್ನದ ಮೇಲೆ. ಗಾಬರಿಯಾಯಿತು. ಆದರೂ ಅವಳಿಗೊಂದು ಧೈರ್ಯವಿತ್ತು: ತನ್ನ ಕಡತಕ್ಕೆ ಏನೂ ಆಗಿರಲಾರದು, ಅಧೀಕ್ಷಕರು ಅದನ್ನು ದಿನವೂ ನೋಡುತ್ತಿದ್ದಾರೆ. ಅವರ ಕಂಪ್ಯೂಟರಿನ ಮುಂದೆ ಬಾಗಿ ಹುಡುಕಿದಳು. ಖಾಯಮಾತಿಯ ಕಡತಗಳ ಜಾಗ ಖಾಲಿ ಇತ್ತು. ವೈರಸ್ಸು ತಪ್ಪು ಮಾಡಿರಬಹುದೇ ಎಂದು ಒಂದು ಕ್ಷಣ ಯೋಚಿಸಿದಳು. ಆದರೆ ಆ ಸಾಲನ್ನು ಬರೆದವಳು ಅವಳೇ. ಒಂದು ವರ್ಷದಲ್ಲಿ ಒಂದು ಸಲ ತೆರೆದ ಕಡತವನ್ನೂ ಅದು ಮುಟ್ಟುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

"ಸಾರ್, ನನ್ನ ಫೈಲ್ ದಿನಾ ನೋಡ್ತಾ ಇದೀನಿ ಅಂತಿದ್ರಲ್ಲ?"

ಅಧೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. ಅವರೂ ಕೆಟ್ಟವರೇನಲ್ಲ.

"ನೋಡ್ತಿದ್ದೆನಮ್ಮ. ತೆಗೀತಿರಲಿಲ್ಲ."

ಅವಳು ಹೊರಗೆ ಬಂದು ನೀರಿನ ಡ್ರಮ್ಮಿನ ಹಿಂದೆ ನಿಂತು ಅತ್ತಳು. ಹುದ್ದೆ ಹೋದದ್ದಕ್ಕಿಂತ, ಇಷ್ಟು ವರ್ಷ ಬೆಳಿಗ್ಗೆ ಬೆಳಿಗ್ಗೆ ಆ ಒಂದು ಮಾತು ಕೇಳಿ ಖುಷಿಯಿಂದ ಸ್ಟೂಲು ಎಳೆದುಕೊಂಡದ್ದು ಅವಳಿಗೆ ಹೆಚ್ಚು ನೋವು ಕೊಟ್ಟಿತು. ಆಮೇಲೆ ಮುಖ ತೊಳೆದುಕೊಂಡು ಬಂದು, ವೈರಸ್ಸನ್ನು ತೆಗೆದುಹಾಕುವ ಪ್ರೋಗ್ರಾಮನ್ನು ಕೂತಲ್ಲೇ ಬರೆದು ಮುಗಿಸಿ, ಅದನ್ನು ಬಿಡಲು ಒಪ್ಪಿಗೆ ಬೇಡಿ ನಿರ್ದೇಶಕರ ಬಳಿ ಹೋದಳು.

ನಿರ್ದೇಶಕರು ಬಹಳ ಸಂತೋಷದಲ್ಲಿದ್ದರು. ಮೇಲಿನಿಂದ ಪ್ರಶಂಸಾಪತ್ರ ಬಂದಿತ್ತು. ಬಾಕಿ ಕಡತಗಳ ವಿಲೇವಾರಿಯಲ್ಲಿ ಎಲ್ಲ ಇಲಾಖೆಗಳೂ ನೂರಕ್ಕೆ ನೂರು ಸಾಧಿಸಿದ್ದವು, ಇದಕ್ಕೆ ಕಾರಣವಾದ ಸಿಬ್ಬಂದಿಯನ್ನು ಗುರುತಿಸಿ ಸೂಕ್ತ ಸ್ಥಾನ ನೀಡುವಂತೆ ಸೂಚನೆ ಇತ್ತು. ಗಣಕಮ್ಮನ ಮುಖ ಅರಳಿತು. ಅವರು ಸೂಚನೆಯ ಉಳಿದ ಭಾಗವನ್ನು ಓದಿದರು. ವಿಲೇವಾರಿ ಮಾಡಿದ ಸಿಬ್ಬಂದಿ ಎಂದರೆ ವೈರಸ್ಸು.

"ಬರೆದದ್ದು ನಾನು ಸಾರ್," ಎಂದಳು.

"ನಿಮ್ಮ ಹೆತ್ತವರು ನಿಮ್ಮನ್ನ ಹೆತ್ರು ಅಂತ ನಿಮ್ಮ ಸಂಬಳ ಅವರಿಗೆ ಕೊಡೋಕಾಗುತ್ತಾ?" ಎಂದು ನಿರ್ದೇಶಕರು ಪ್ರೀತಿಯಿಂದಲೇ ಕೇಳಿದರು.

ನಿಯಮದ ಪ್ರಕಾರ ನೋಡಿದರೆ ಅವರ ಮಾತಿನಲ್ಲಿ ಹುರುಳಿತ್ತು. ವೈರಸ್ಸು ಹಾಜರಿ ತಪ್ಪಿಸಿರಲಿಲ್ಲ, ಒಬ್ಬರಿಗೂ ಎದುರಾಡಿರಲಿಲ್ಲ, ಮೇಲಧಿಕಾರಿಯನ್ನು ಕೇಳದೆ ಒಂದು ಹುಲ್ಲುಕಡ್ಡಿಯನ್ನೂ ಎತ್ತಿರಲಿಲ್ಲ. ಖಾಲಿ ಹುದ್ದೆಗೆ ಬೇರೆ ಯಾರ ಕಡತವೂ ಬಾಕಿ ಇರಲಿಲ್ಲ. ನೇಮಕಾತಿಗೆ ಬೇಕಾದ ವಿವರಗಳನ್ನು ಗಣಕಮ್ಮನಿಂದಲೇ ತುಂಬಿಸಲಾಯಿತು. ವಯಸ್ಸು ಕಡಿಮೆಯಾಯಿತು ಎಂಬ ಒಂದು ಅಡಚಣೆ ಬಂತು; ವಿಶೇಷ ಪ್ರಕರಣವೆಂದು ಪರಿಗಣಿಸಿ ಸಡಿಲಿಸಿದರು. ಭಾಷಾಜ್ಞಾನ: ಮ್ಯಾಕ್ರೋ, ಓದಲು ಮತ್ತು ಬರೆಯಲು. ವೈದ್ಯರು ಪರೀಕ್ಷಿಸಿ, ಅಭ್ಯರ್ಥಿಗೆ ಯಾವುದೇ ವೈರಸ್ ಸೋಂಕು ಇರುವುದಿಲ್ಲವೆಂದು ಪ್ರಮಾಣಪತ್ರ ಕೊಟ್ಟರು. ಅವಳು ಬರೆದ ತೆಗೆದುಹಾಕುವ ಪ್ರೋಗ್ರಾಮಿನ ಕುರಿತು, ಖಾಯಂ ನೌಕರನನ್ನು ವಿಚಾರಣೆ ನಡೆಸದೆ ತೆಗೆದುಹಾಕಲು ಬರುವುದಿಲ್ಲ ಎಂಬ ಉತ್ತರ ಬಂತು. ಕರ್ತವ್ಯನಿರತ ಸಿಬ್ಬಂದಿಗೆ ಅಡ್ಡಿಪಡಿಸುವುದು ಅಪರಾಧ ಎಂದೂ ಕೆಳಗೆ ಸೇರಿಸಿದ್ದರು.

ವೈರಸ್ಸಿಗೆ ಕೈಯಿರುವ ಕುರ್ಚಿ ಬಂತು. ಅದರ ಮೇಲೆ ಒಂದು ಕಂಪ್ಯೂಟರನ್ನು ಕೂರಿಸಿದರು. ಹಿಂದಿನ ವಸತಿಗೃಹದ ಎರಡು ಕೋಣೆಯ ಮನೆಯನ್ನೂ ಅದಕ್ಕೇ ಹಂಚಿದರು. ಖಾಲಿ ಬಿಟ್ಟರೆ ಹಂಚಿಕೆ ರದ್ದಾಗುತ್ತದೆ ಎಂಬ ನಿಯಮವಿದ್ದದ್ದರಿಂದ, ಸಂಜೆ ಹೊತ್ತು ಅಲ್ಲಿ ದೀಪ ಹಾಕಿ, ನಲ್ಲಿ ಒಮ್ಮೆ ತಿರುಗಿಸಿ, ಕಿಟಕಿ ತೆರೆದು ಮುಚ್ಚಿ ಬರುವ ಕೆಲಸವನ್ನು ತಾತ್ಕಾಲಿಕ ಸಹಾಯಕಿಗೆ ವಹಿಸಲಾಯಿತು. ಒಳಗೆ ಕೂರುವಂತಿರಲಿಲ್ಲ. ಒಂದು ಸಂಜೆ ಅವಳು ಅತ್ತೆಯನ್ನೂ ಕರೆದುಕೊಂಡು ಹೋಗಿದ್ದಳು. ಅತ್ತೆ ಅಡುಗೆಮನೆಯ ಶೆಲ್ಫಿನ ಮೇಲೆ ಒಂದು ಲೋಟ ಇಟ್ಟು, ಅದು ಅಲುಗಾಡುತ್ತದೆಯೇ ಎಂದು ಬಹಳ ಹೊತ್ತು ನೋಡುತ್ತ ನಿಂತರು. ಅಲುಗಾಡಲಿಲ್ಲ. "ಚೆನ್ನಾಗಿದೆ ಮನೆ," ಎಂದು ಲೋಟವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದರು.

ತಪಾಸಣಾ ತಂಡ ಎರಡನೇ ಸಲ ಬಂದಾಗ ಕಚೇರಿಯಲ್ಲಿ ವೈರಸ್ ಇರುವುದು ದೃಢಪಟ್ಟಿತು. ಅದು ಹತ್ತು ಗಂಟೆಗೆ ಬಂದು ಐದು ಗಂಟೆಗೆ ಹೋಗುತ್ತಿದ್ದರಿಂದ ನಿಯಂತ್ರಣದಲ್ಲಿರುವುದೂ ದೃಢಪಟ್ಟಿತು. ಕಚೇರಿ ಉಳಿಯಿತು. ವಿಲೇವಾರಿ ಇನ್ನೂ ಚುರುಕಾಗಲೆಂದು ಒಂದು ವರ್ಷದ ಗಡುವನ್ನು ಒಂದು ದಿನಕ್ಕೆ ಇಳಿಸುವಂತೆ ಆದೇಶವಾಯಿತು. ಆ ತಿದ್ದುಪಡಿಯನ್ನು ಗಣಕಮ್ಮನೇ ಮಾಡಿಕೊಟ್ಟಳು, ಬೇರೆ ಯಾರಿಗೂ ಬರುತ್ತಿರಲಿಲ್ಲ.

ಖಾಯಮಾತಿಗೆ ಅವಳು ಹೊಸದಾಗಿ ಅರ್ಜಿ ಹಾಕಿದಳು. ಅರ್ಜಿ ನಿಕಟ ಮೇಲಧಿಕಾರಿಯ ಮುಖಾಂತರವೇ ಹೋಗಬೇಕು. ಈಗ ಅವಳ ನಿಕಟ ಮೇಲಧಿಕಾರಿ ವೈರಸ್ಸೇ. ಅಧೀಕ್ಷಕರ ಹಳೆಯ ಮಾತು ಈಗ ಕೇಳಿಸುವುದಿಲ್ಲ. ಬೆಳಿಗ್ಗೆ ಅವಳು ಸ್ಟೂಲಿನ ಮೇಲೆ ಕೂತ ಕೂಡಲೇ ಎದುರಿನ ಪರದೆಯಲ್ಲಿ ಚೌಕ ಮೂಡುತ್ತದೆ: ತಮ್ಮ ಅರ್ಜಿಯನ್ನು ಶಾಶ್ವತವಾಗಿ ಅಳಿಸಲು ಅನುಮತಿ ಕೋರಿದೆ. ಅವಳು ಪೂರ್ತಿ ಓದಿ 'ಬೇಡ' ಒತ್ತುತ್ತಾಳೆ. ವೈರಸ್ಸು ಕ್ಷಮೆ ಕೇಳಿ ಹೋಗುತ್ತದೆ, ನಾಳೆ ಮತ್ತೆ ಬರುತ್ತದೆ. ತಾನು ಬಾರದ ದಿನ ಆ ಸ್ಟೂಲಿನಲ್ಲಿ ಬೇರೆ ಯಾರಾದರೂ ಕೂತರೆ ಯಾವ ಗುಂಡಿ ಒತ್ತುತ್ತಾರೆಂದು ಅವಳಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಅವಳು ರಜೆಯನ್ನೇ ಹಾಕುವುದಿಲ್ಲ. ಜ್ವರ ಬಂದರೂ ಬರುತ್ತಾಳೆ. ಸಭೆಗಳಲ್ಲಿ ನಿರ್ದೇಶಕರು ಅವಳನ್ನು ತೋರಿಸಿ, ಖಾಯಂ ಆದವರೂ ಈಕೆಯಿಂದ ಕಲಿಯಬೇಕು ಎನ್ನುತ್ತಾರೆ.

ಮೊನ್ನೆ ರಾತ್ರಿ ಊಟಕ್ಕೆ ಕೂತಾಗ, ನಿನ್ನ ಹೊಸ ಸಾಹೇಬರು ಹೇಗೆ ಎಂದು ಅತ್ತೆ ಕೇಳಿದರು. ಕೆಳಗೆ ಯಂತ್ರ ಓಡುತ್ತಿತ್ತು. ಗಣಕಮ್ಮ ಸ್ವಲ್ಪ ಯೋಚಿಸಿದಳು. ಇಷ್ಟು ವರ್ಷದ ನೌಕರಿಯಲ್ಲಿ ಅವಳ ವಿಷಯದಲ್ಲಿ ಏನಾದರೂ ಮಾಡುವ ಮುಂಚೆ ಅವಳನ್ನು ಕೇಳಿದವರು ಬೇರೆ ಯಾರೂ ನೆನಪಿಗೆ ಬರಲಿಲ್ಲ.

"ಒಳ್ಳೇವ್ರು ಅತ್ತೆ," ಎಂದಳು. "ಕೇಳಿ ಅಳಿಸ್ತಾರೆ."

"ಪುಣ್ಯ ಕಣೇ," ಎಂದು ಅತ್ತೆ ಅವಳ ತಟ್ಟೆಗೆ ಇನ್ನೊಂದು ತುತ್ತು ಬಡಿಸಿದರು.